ಕುರಿ ಹಾದಿಯ ಕೆಂಪು ಗೆರೆ

ನನಗೆ ಬುದ್ಧಿ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರದುರ್ಗದ ಸರ್ವೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತು ಕಂಡವರ ನಕ್ಷೆಗಳನ್ನು ಟ್ರೇಸ್ ಮಾಡಿದವನು, ಎಪ್ಪತ್ತಮೂರನೇ ಇಸವಿಯಲ್ಲಿ ನಿವೃತ್ತನಾಗಿ ಬಾಗೂರಿಗೆ ಬಂದ ಮೇಲೆ ತೆಪ್ಪಗೆ ಜಗಲಿ ಮೇಲೆ ಕೂತಿರಬಾರದಿತ್ತೇ? ಇಲ್ಲ. ಊರ ಸುತ್ತಲಿನ ಎಂಟು ಹಳ್ಳಿಗಳ ನಕ್ಷೆ ಬರೆಯಲು ಹೊರಟೆ. ಸರ್ಕಾರದ ನಕ್ಷೆಯ ನಕಲು ಬೇಕೆಂದರೆ ಅರ್ಜಿ, ಮುದ್ರೆ, ಮೂರು ತಿಂಗಳ ಅಲೆದಾಟ. ನನ್ನದನ್ನು ಯಾರು ಬೇಕಾದರೂ ಬಂದು ನಕಲು ಮಾಡಿಕೊಳ್ಳಲಿ, ಬಿಡಿಕಾಸು ಕೇಳುವುದಿಲ್ಲ, ಈ ನಕ್ಷೆ ಎಲ್ಲರದು ಎಂದು ಡಂಗುರ ಸಾರಿದೆ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ನನ್ನ ಜಗಲಿಯಲ್ಲಿ ಸಭೆ. ನಕ್ಷೆಗೆ ಮುಂದೆ ಏನು ಸೇರಿಸಬೇಕು ಎನ್ನುವುದು ಅಲ್ಲೇ ತೀರ್ಮಾನ. ಕೇಳಿದವರು ಕಾಗದ, ಇಂಕಿನ ಖರ್ಚು ಹೊರಬೇಕು. ಸಭೆ ಒಪ್ಪಿ ಸೇರಿಸಿದ್ದನ್ನು ಸಭೆ ಒಪ್ಪದೆ ಯಾರೂ ಅಳಿಸುವಂತಿಲ್ಲ. ಈ ನಿಯಮ ಮಾಡಿದ ಮಹಾನುಭಾವನೂ ನಾನೇ. ಸಿಹಿನೀರಿನ ಬಾವಿಗಳು, ಗಾಡಿ ಜಾಡು, ಬಸ್ಸು ನಿಲ್ಲುವ ಆಲದಮರ, ಹೀಗೆ ಎರಡು ವರ್ಷ ನಕ್ಷೆ ಚೆನ್ನಾಗಿಯೇ ಬೆಳೆಯಿತು.

ಎಪ್ಪತ್ತಾರರ ಸುಗ್ಗಿ ಮುಗಿದ ಮೇಲೆ ಕಾಳಕ್ಕ ಬಂದಳು. ಕುರಿ ಸಾಕುವ ಮನೆತನ. ಗಂಡ ಹೋದ ಮೇಲೆ ಇನ್ನೂರು ಕುರಿಯ ಮಂದೆ ಅವಳೊಬ್ಬಳ ಹೆಗಲ ಮೇಲೆ ಬಿದ್ದಿತ್ತು. ಊರಾಚೆಯ ಹುಲ್ಲುಗಾವಲು, ನಮ್ಮ ಕಡೆಯ ಕಾವಲಿನಲ್ಲಿ ಮೇಯಿಸಿ, ಬೇಸಿಗೆಯಲ್ಲಿ ಹೊಲಗಳನ್ನು ದಾಟಿಸಿ ಕೆರೆಗೆ ನೀರಿಗೆ ಹೊಡೆಯಬೇಕು. ಬೇರೆಲ್ಲೂ ನೀರಿಲ್ಲ. ತನ್ನ ಕುರಿಯ ಉಣ್ಣೆಯದೇ ಒಂದು ಕಂಬಳಿಯನ್ನು ಜಗಲಿ ಮೇಲೆ ಇಟ್ಟಳು.

"ಖರ್ಚಿಗೆ ಇದ್ನ ಇಟ್ಕಳ್ರಿ ಸ್ವಾಮಿ. ನಮ್ಮ ಕುರಿ ಹಾದಿ ನಿಮ್ಮ ಕಾಗದದಾಗೆ ಬರ್ಲಿ. ವರ್ಸಾವರ್ಸಾ ಅಂಗಲಾಚಿ ಸಾಕಾಗೈತೆ. ಕಾಗದದಾಗೆ ಐತೆ ಅಂದ್ರೆ ಯಾವನು ಅಡ್ಡ ಹಾಕ್ತಾನೆ?"

ಸಭೆ ಒಪ್ಪಿತು. ನನಗೋ ಹಿಗ್ಗೇ ಹಿಗ್ಗು. ಮಾರನೇ ದಿನವೇ ಹೆಜ್ಜೆ ಎಣಿಸುತ್ತ ಅವಳ ಮಂದೆಯ ಹಿಂದೆ ನಡೆದೆ. ಕಾವಲಿನಿಂದ ಹಳ್ಳಕ್ಕಿಳಿದು, ಮಾರಣ್ಣನ ರಾಗಿ ಹೊಲದ ಕೂಳೆ ತುಳಿದು, ಕೆರೆ ಏರಿಗೆ. ಮಾರಣ್ಣ ಬದುವಿನ ಮೇಲೆ ನಿಂತು "ಬರ್ರಿ ಬರ್ರಿ" ಎಂದು ನಗುತ್ತ ಕರೆದ. ಮನೆಗೆ ಬಂದವನೇ ಕೆಂಪು ಇಂಕಿನಲ್ಲಿ ಗೆರೆ ಎಳೆದೆ. ಆ ತಿಂಗಳು ನಕಲು ಮಾಡಿಕೊಳ್ಳಲು ಹೊಳಲ್ಕೆರೆಯಿಂದ ಬಂದರು, ಹಿರಿಯೂರಿನಿಂದ ಬಂದರು. ಅಲ್ಲಿ ಒಂದು ನಕಲು ಎಷ್ಟಾಯಿತೋ ದೇವರಿಗೇ ಗೊತ್ತು.

ಮಾರಣ್ಣ ಯಾಕೆ ನಕ್ಕ ಎಂದು ನಾನು ಕೇಳಲಿಲ್ಲ. ಆ ವರ್ಷ ಅವನು ಗೊಬ್ಬರಕ್ಕಾಗಿ ತನ್ನ ಹೊಲದಲ್ಲಿ ಮೂರು ರಾತ್ರಿ ಮಂದೆ ನಿಲ್ಲಿಸಿಕೊಂಡು, ಕಾಳಕ್ಕನಿಗೆ ರಾಗಿ ಅಳೆದಿದ್ದ. ಹಿಂದಿನ ವರ್ಷ ನಿಲ್ಲಿಸಿಕೊಂಡಿದ್ದವನು ಬೋರಪ್ಪ. ಆಗ ಹಾದಿ ಬೋರಪ್ಪನ ಹೊಲದಲ್ಲಿತ್ತು. ಯಾರು ಮಂದೆ ಕರೆಯುತ್ತಾರೋ ಆ ವರ್ಷದ ಹಾದಿ ಅವರ ಹೊಲದಲ್ಲಿ. ಊರಿನ ಹಸುಗೂಸಿಗೂ ಗೊತ್ತಿದ್ದ ಸಂಗತಿ! ಇಷ್ಟೂ ತಿಳಿಯದೆ ನಕ್ಷೆ ಬರೆಯುತ್ತಾರೆಯೇ ಎಂದುಕೊಂಡು ಕಾಳಕ್ಕ ಹೇಳಲಿಲ್ಲ. ಹಾದಿ ಎಂದರೆ ಇದ್ದಲ್ಲೇ ಇರುತ್ತದೆ ಎಂದುಕೊಂಡು ನಾನು ಕೇಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಮರುವರ್ಷ ಬೇಸಿಗೆಗೆ ಮಾರಣ್ಣ ಹೊಲಕ್ಕೆ ಜಾಲಿಮುಳ್ಳಿನ ಬೇಲಿ ಹಾಕಿದ. ಹಿರಿಯೂರಿನ ಅವನ ಬೀಗರು ಯಾವುದೋ ಗೋಡೆಯ ಮೇಲೆ ನನ್ನ ನಕ್ಷೆ ನೋಡಿ, ನಿನ್ನ ಹೊಲದಾಗೆ ರಸ್ತೆ ಬಿದ್ದೈತೆ, ಹೊಲ ಹೋದಂಗೇ ಎಂದು ಹೆದರಿಸಿದ್ದರು. ಕಾಳಕ್ಕ ಮಂದೆಯನ್ನು ಬೋರಪ್ಪನ ಹೊಲದತ್ತ ತಿರುಗಿಸಿದಳು. ಬೋರಪ್ಪ ಕೋಲು ಅಡ್ಡ ಹಿಡಿದ.

"ನಿನ್ನ ಹಾದಿ ಅಲ್ಲೈತಲ್ಲ ಕಾಳಕ್ಕ, ಕೆಂಪುಗೆ. ಇಲ್ಲಿ ಬಿಟ್ರೆ ನಾಳೆ ನನ್ನ ಹೊಲದಾಗೂ ಗೆರೆ ಎಳಿತಾರೆ. ನಿನ್ನ ಗೊಬ್ರನೂ ಬ್ಯಾಡ, ಆ ಗೆರೆನೂ ಬ್ಯಾಡ."

ಉಳಿದವರದೂ ಅದೇ ಮಾತು. ಇನ್ನೂರು ಕುರಿ ಎರಡು ದಿನ ನೀರಿಲ್ಲದೆ ಕಾವಲಿನಲ್ಲೇ ನಿಂತವು. ಅವುಗಳ ಕೂಗು ಊರಿಗೆ ಕೇಳುತ್ತಿತ್ತು.

ಸೋಮವಾರದವರೆಗೆ ಕಾಯದೆ ಸಭೆ ಕರೆದೆ. ಆ ಗೆರೆ ಅಳಿಸಬೇಕು ಎಂದೆ. ಕೈ ಎತ್ತಿದವರು ಇಬ್ಬರೇ, ಕಾಳಕ್ಕ ಮತ್ತು ಮಾರಣ್ಣ. ಆ ಗೆರೆ ಮಾರಣ್ಣನ ಹೊಲದಲ್ಲಿದ್ದರೆ ಉಳಿದವರಿಗೆ ಕ್ಷೇಮ.

"ನಿಯಮ ಮಾಡಿದೋರು ನೀವೇ ಅಲ್ವೇನ್ರಿ?" ಎಂದ ಬೋರಪ್ಪ, ಬಹಳ ವಿನಯದಿಂದ.

ನನಗೆ ರೇಗಿಹೋಯಿತು. ನಿಯಮ ಹಾಳಾಗಲಿ, ಈಗಲೇ ಬ್ಲೇಡಿನಿಂದ ಕೆರೆದುಬಿಡುತ್ತೇನೆ ಎಂದು ಎದ್ದೆ.

"ಕೆರೀರಿ," ಎಂದ ಮಾರಣ್ಣ. "ಹಿರಿಯೂರಾಗೆ ಇರಾದ್ನ ಯಾರು ಕೆರೀತಾರೆ?"

ನಾನು ಕೂತೆ. ಅವನು ಹೇಳಿದ್ದು ನಿಜ. ಹಂಚಿದ್ದನ್ನು ವಾಪಸು ತರಲು ನನ್ನಿಂದಾಗಲಿ, ನನ್ನಪ್ಪನಿಂದಾಗಲಿ ಆಗುತ್ತಿರಲಿಲ್ಲ.

ಮಾರಣ್ಣ ಕೆಟ್ಟವನಲ್ಲ. ಕುರಿ ಸಾಯುವುದು ಅವನಿಗೂ ಬೇಡ. "ಈ ಬೇಸ್ಗೆ ಮಟ್ಟಿಗೆ ಬೇಲಿ ತೆಗಿತೀನಿ ಸ್ವಾಮಿ. ಆದ್ರೆ ನನ್ನ ಹೊಲದಾಗೆ ಹಾದಿ ಇಲ್ಲ, ಮುಂದಕ್ಕೂ ಕೇಳಾದಿಲ್ಲ ಅಂತ ಆಯಮ್ಮ ಬರ್ದು ಕೊಡ್ಲಿ. ನನ್ನ ಬೇಲಿ ನಕ್ಷೇಲಿ ಬರ್ಲಿ. ಅದ್ರ ಖರ್ಚು ನಂದು."

ಕಾಳಕ್ಕನಿಗೆ ಓದು ಬರಹ ಬಾರದು. ಆ ಕಾಗದವನ್ನು ನಾನೇ ಬರೆಯಬೇಕಾಯಿತು. ಅವಳು ಕಾವಲಿನ ಕಡೆ ಒಮ್ಮೆ ನೋಡಿ, ಏನೂ ಕೇಳದೆ ಹೆಬ್ಬೆಟ್ಟು ಒತ್ತಿದಳು. ಅವಳು ಇನ್ನೂ ಮೆಟ್ಟಿಲು ಇಳಿದಿರಲಿಲ್ಲ, ಬೋರಪ್ಪ ಎದ್ದು ನಿಂತ. "ಹಂಗಾರೆ ನನ್ನ ಹೊಲಕ್ಕೂ ಬೇಲಿ ಬರೀರಿ." ಅವನ ಹಿಂದೆಯೇ ಇನ್ನೊಬ್ಬ, ಮತ್ತೊಬ್ಬ. ಒಟ್ಟು ಏಳು ಬೇಲಿ. ಎಲ್ಲರೂ ಇಂಕಿನ ಖರ್ಚು ಮುಂಗಡ ಇಟ್ಟರು. ಸಭೆ ಇಷ್ಟು ಒಗ್ಗಟ್ಟಿನಿಂದ ಯಾವುದನ್ನೂ ಒಪ್ಪಿರಲಿಲ್ಲ. ಕುರಿಗಳು ಆವತ್ತು ನೀರು ಕುಡಿದವು. ನಾನು ಆ ವಾರವೆಲ್ಲ ಬೇಲಿ ಬರೆದೆ. ಬೇಲಿಯಿಲ್ಲದ ಹೊಲಗಳಿಗೂ ಬರೆದೆ. ನಕ್ಷೆ ನೋಡಿಕೊಂಡು ಅವರು ಆಮೇಲೆ ಮುಳ್ಳು ತಂದು ಹಾಕಿದರು.

ಅದರ ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಾಳಕ್ಕ ಬಂದು ಜಗಲಿ ತುದಿಯಲ್ಲಿ ಕೂತಳು. ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ಮೂರು ಕುರಿ ಬಿದ್ವು ಸ್ವಾಮಿ. ನಿಮ್ಮ ಕಾಗದ ನೋಡಿ ಹೇಳ್ರಿ, ಕೆರೆಗೆ ಎತ್ಲಾಗಿಂದ ಹೋಗಾಣ?"

ಹಾಳೆ ಹರಡಿದೆ. ಕಾವಲಿನಿಂದ ಬೆರಳು ಸರಿಸುತ್ತ ಹೋದೆ. ಎಲ್ಲಿ ಹೋದರೂ ನಾನೇ ಬರೆದ ಬೇಲಿ. ಎರಡು ಸಲ ಸುತ್ತಿ ಬಂದು ಬೆರಳು ಕಾವಲಿನಲ್ಲೇ ನಿಂತಿತು.

"ಇಲ್ಲ ಕಾಳಕ್ಕ," ಎಂದೆ.

ಅವಳು ಸೆರಗು ಕೊಡವಿ ಎದ್ದಳು. "ಹೊಸದುರ್ಗದ ಕುರಿ ಸಂತೆಗೆ ಹೋಗಾ ಹಾದಿನಾದ್ರೂ ಐತಾ ಅದ್ರಾಗೆ?"

ಅದಿತ್ತು. ಕಾವಲಿನ ಹಿಂಬದಿಯಿಂದ ನೇರವಾಗಿ. ತೋರಿಸಿದೆ.