ಎರವಲು ಹೋಗಿ ಬಂದ ಸಿನಿಮಾ

ನಾನು ಒಂದು ಸಿನಿಮಾ ಡಿಸ್ಕು. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿ ದೋಸೆಯ ಹಾಗೆ ಎದ್ದು ಬಂದವನು. ಹೊಟ್ಟೆ ತುಂಬ ಸಿನಿಮಾ ತುಂಬಿಕೊಂಡು ಅರಸೀಕೆರೆ ಕಡೆಯ ಸಣ್ಣ ಊರೊಂದರ ಗ್ರಂಥಾಲಯ ಸೇರಿದೆ. ಜನ ನನ್ನನ್ನು ಮನೆಗೆ ಒಯ್ದು ನೋಡಿ ನಗುತ್ತಾರೆ, ಅಳುತ್ತಾರೆ ಅಂದುಕೊಂಡಿದ್ದೆ. ನನ್ನ ಹಣೆಬರಹ!

ಗ್ರಂಥಪಾಲಕ ಶಿವನಂಜಪ್ಪನವರು ನನ್ನನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಕೊಟ್ಟರೆ ಹಾಳುಮಾಡ್ತೀರಿ ಅಂತ ಬಂದವರನ್ನೆಲ್ಲ ಗದರುತ್ತಿದ್ದರು. ಅದೇನು ಸುಳ್ಳಲ್ಲ ಬಿಡಿ. ಕಾಡಿಬೇಡಿ ಒಯ್ದ ಮೇಷ್ಟ್ರೊಬ್ಬರು ನನ್ನ ಮೇಲೆ ಕಾಫಿ ಲೋಟ ಇಟ್ಟರು. ಇನ್ನೊಬ್ಬ ಮಹಾಶಯ ಲುಂಗಿಯ ತುದಿಗೆ ಎಂಜಲು ಹಚ್ಚಿ ಉಜ್ಜಿದ. ಮತ್ತೊಬ್ಬನಂತೂ ನನ್ನ ಡಬ್ಬಿಯಲ್ಲಿ ಭಜನೆಯ ಡಿಸ್ಕು ಇಟ್ಟು ವಾಪಸು ಕೊಟ್ಟು, ಗಿಳಿ ಓಡಿಸಲು ನನ್ನನ್ನು ಸೀಬೆ ಮರಕ್ಕೆ ಕಟ್ಟಿದ! ಶಿವನಂಜಪ್ಪನವರೇ ಹೋಗಿ, ಬೈದು, ಬಿಡಿಸಿಕೊಂಡು ಬಂದರು.

ಆಮೇಲೆ ಬಂದವರು ಪುಟ್ಟಗೌರಮ್ಮ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ಹಿಂದೆ ಊರ ಕೆರೆ ಏರಿಯ ಮೇಲೆ ಈ ಸಿನಿಮಾ ತೆಗೆದಾಗ ತಾನೂ ನಟಿಸಿದ್ದೆ, ನಾಯಕನ ಜೊತೆ ಮಾತಾಡಿದ್ದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಓರಗಿತ್ತಿ ನಿಂಗಾಜಮ್ಮ ಒಂದು ದಿನವೂ ನಂಬಿದವರಲ್ಲ. ನಲ್ಲಿ ಹತ್ತಿರ, ಮದುವೆ ಮನೆಯಲ್ಲಿ, ಎಲ್ಲಿ ಸಿಕ್ಕರೂ ಸಿನಿಮಾ ತಾರೆ ಬಂದಳು ಅಂತ ಆಡಿಕೊಳ್ಳುತ್ತಿದ್ದರು. ಆ ಬಾಯಿ ಮುಚ್ಚಿಸಲೆಂದೇ ಗೌರಮ್ಮ ನನ್ನನ್ನು ಎರವಲು ಪಡೆದರು.

ಬೇಡ ತಾಯಿ ಅಂತ ಕೂಗಬೇಕೆನಿಸಿತು ನನಗೆ. ನನ್ನ ಹೊಟ್ಟೆಯಲ್ಲಿರುವುದು ನನಗೆ ಗೊತ್ತಿಲ್ಲವೇ? ಆ ಮಾತನ್ನೆಲ್ಲ ಸಿನಿಮಾದವರು ಕತ್ತರಿಸಿ ಎಸೆದಿದ್ದರು. ಉಳಿದದ್ದು ಕೊಡ ಹೊತ್ತು ಹೋಗುವ ಒಂದು ಬೆನ್ನು, ಅದೂ ಕಣ್ಣು ಮಿಟುಕಿಸುವಷ್ಟು ಹೊತ್ತು. ಪುಣ್ಯಕ್ಕೆ ಊರಲ್ಲಿ ಯಾರ ಮನೆಯಲ್ಲೂ ನನ್ನನ್ನು ಓಡಿಸುವ ಪ್ಲೇಯರ್ ಉಳಿದಿರಲಿಲ್ಲ. ಸುಮ್ಮನೆ ವಾಪಸು ಕೊಡಬಾರದೇ ಈ ತಾಯಿ? ಬೀದಿಬೀದಿ ಅಲೆದು ಫೋಟೊ ಸ್ಟುಡಿಯೊದ ಅಟ್ಟದಿಂದ ಒಂದನ್ನು ಇಳಿಸಿಯೇಬಿಟ್ಟರು. ಬೀದಿಯವರನ್ನೆಲ್ಲ ಮನೆಗೆ ಕರೆದು, ಓರಗಿತ್ತಿಯನ್ನೂ ಕರೆಸಿ ಎಲ್ಲರಿಗಿಂತ ಮುಂದೆ ಕೂರಿಸಿದರು.

ಬೆನ್ನು ಬಂತು, ಹೋಯಿತು. ಮುಖವಿಲ್ಲ, ಮಾತಿಲ್ಲ. ಇನ್ನೂ ಬರಬಹುದು ಅಂತ ಗೌರಮ್ಮ ಕೊನೆಯವರೆಗೂ ಕಾದು, ಆಮೇಲೆ ತಲೆ ತಗ್ಗಿಸಿದರು. ಯಾರೋ ಕಿಸಕ್ಕೆಂದರು. ನಿಂಗಾಜಮ್ಮ ಬಾಯಿ ತೆರೆದಾಗ, ಅಲ್ಲೇ ಒಡೆದು ಚೂರಾದರೂ ಸರಿ ಅನಿಸಿತು ನನಗೆ.

"ಯಾರೂ ನಗಬ್ಯಾಡಿ," ಅಂದರು ನಿಂಗಾಜಮ್ಮ. "ಅಕ್ಕ, ಅದು ನೀನೇ ಕಣಕ್ಕ. ಸೊಂಟದ ಮೇಲೆ ಕೊಡ ಇಟ್ಕೊಂಡು ಹಂಗೆ ವಾಲಿ ನಡೆಯೋರು ಇನ್ಯಾರು? ಇಷ್ಟು ವರ್ಷ ನಿನ್ನ ಹಿಂದೆಹಿಂದೆನೇ ನೀರಿಗೆ ಬಂದಿಲ್ವಾ ನಾನು?"

ಇನ್ನೊಂದು ಸಲ ಹಾಕಿಸಿದರು. ಮತ್ತೊಂದು ಸಲ. ಹಿಂದಕ್ಕೆ ಮುಂದಕ್ಕೆ ಓಡಿ ನನಗೆ ತಲೆ ತಿರುಗಿತು. ಓರಗಿತ್ತಿಯರಿಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದರು.

ಪ್ಲೇಯರ್ ಇಲ್ಲದ ಊರಲ್ಲಿ ಡಿಸ್ಕು ಯಾರಿಗೆ ಬೇಕು? ಈಗ ನಾನು ಗ್ರಂಥಾಲಯದ ಮೆಟ್ಟಿಲ ಕೆಳಗೆ, ರದ್ದಿ ಮೂಟೆಯಲ್ಲಿದ್ದೇನೆ. ಬೇಸರವಿಲ್ಲ ಅಂದರೆ ಸುಳ್ಳಾದೀತು. ನನ್ನನ್ನು ಒಯ್ದವರೆಲ್ಲ ನಾಯಕ, ನಾಯಕಿಯನ್ನೇ ನೋಡಿದರು. ಆ ಬೆನ್ನನ್ನು ನೋಡಲು ಇಷ್ಟು ವರ್ಷದಲ್ಲಿ ಬಂದದ್ದು ಅವರಿಬ್ಬರೇ.