ಹಾಳೆಯ ಮೇಲಂಚು

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಕತ್ತಾಳೆ ತೋಟದ ಶೆಡ್ಡಿನಲ್ಲಿ ಸಹಿ ಹಾಕಿಸುವುದು ಶುರುವಾಯಿತು.

"ಸಾಲಾಗಿ ನಿಲ್ರಲೇ, ನಾಯಿಗಳಾ. ಸಂಸತ್ತೇ ನಿಮ್ಮನ್ನ ಕೇಳಕ್ಕೆ ಬಂದೈತೆ, ಮೂಗಾದ್ರೂ ಒರೆಸ್ಕಳ್ಳಿ," ಎಂದ ಮೇಸ್ತ್ರಿ ಮ್ವಂಬುರಿ.

ನೈರೋಬಿಯಿಂದ ಬಂದಿದ್ದವನು ಒಬ್ಬನೇ ಗುಮಾಸ್ತ. ಸಹಿ ಹಾಕಿದವರಿಗೆ ಒಂದು ಬ್ರೆಡ್ಡು, ಒಂದು ಸೋಡಾ. ಬ್ರೆಡ್ಡಿನ ಪೆಟ್ಟಿಗೆಯನ್ನು ಹಾಳೆಯ ಮೇಲಂಚಿನ ಮೇಲೇ ಇಟ್ಟಿದ್ದರು. ತೋಟದ ಗಡಿಯೊಳಗೆ ಮನೆ ಕಟ್ಟಿಕೊಂಡಿದ್ದ ವಾವುದಾ ಹೆಸರು, ಮನೆ ನಂಬರು ಬರೆದು ಸಹಿ ಹಾಕಿದಳು. ಹಾಜರಿ ಎಂದುಕೊಂಡಿದ್ದಳು, ಎಲ್ಲರೂ ಹಾಗೇ ಅಂದುಕೊಂಡಿದ್ದರು.

ಈಗ ಮತ್ತೆ ಸಂಸತ್ತಿಗೆ ಬಂದಿದ್ದ ಕಾನೂನು ಹೋದ ವರ್ಷವೂ ಬಂದಿತ್ತು. ತೋಟದ ಗುತ್ತಿಗೆ ಮಾಲೀಕರಿಗೆ ಇನ್ನೂ ತೊಂಬತ್ತೊಂಬತ್ತು ವರ್ಷ, ಗಡಿಯೊಳಗೆ ಮನೆ ಕಟ್ಟಿಕೊಂಡವರು ತೊಂಬತ್ತು ದಿನದಲ್ಲಿ ಖಾಲಿ. ಸಂಸತ್ತು ಪಾಸು ಮಾಡಿತ್ತು, ನ್ಯಾಯಾಲಯ ರದ್ದು ಮಾಡಿತ್ತು. ಅಲ್ಲಿ ಬಾಳುವವರ ಅಭಿಪ್ರಾಯ ಕೇಳಿದ್ದಕ್ಕೆ ಕಾಗದ ಎಲ್ಲಿ ಎಂದು ನ್ಯಾಯಾಧೀಶರು ಕೇಳಿದ್ದರಂತೆ. ಕಾಗದ ಇರಲಿಲ್ಲ. ವಾವುದಾಳ ಮನೆ ಉಳಿದದ್ದು ಅದರಿಂದ.

ಪೆಟ್ಟಿಗೆ ಖಾಲಿಯಾಯಿತು. ಗುಮಾಸ್ತ ಎತ್ತಿ ಕೆಳಗಿಟ್ಟ. ಮೇಲಂಚಿನಲ್ಲಿ ಅಚ್ಚಾಗಿತ್ತು: ಮಸೂದೆಯನ್ನು ಓದಿ ಹೇಳಲಾಯಿತು, ಒಪ್ಪಿದವರ ಸಹಿ.

ವಾವುದಾ ಇಣುಕಿ ಓದಿದಳು. ಸಾಲು ದಾಟಿ ಮೇಜಿನ ಹತ್ತಿರ ಹೋದಳು.

"ಸ್ವಾಮಿ, ಓದಿ ಹೇಳಿದ್ದು ಯಾವಾಗ?"

ಗುಮಾಸ್ತ ತಲೆ ಎತ್ತಲಿಲ್ಲ. ಅದು ನಮೂನೆ, ಎಲ್ಲಾ ಊರಿಗೂ ಅದೇ ಎಂದ.

"ಬ್ರೆಡ್ ತಿಂದ ಬಾಯಲ್ಲಿ ಕಾನೂನು ಬತ್ತೈತೇನೇ, ಬೋಳಿಮಗಳೆ?" ಮ್ವಂಬುರಿ ಹತ್ತಿರ ಬಂದು ನಿಂತ. "ನಿಂಗೆ ಎಷ್ಟು ಮಕ್ಕಳು?"

ಅವಳಿಗೆ ಮೂವರು. ಕಂಕುಳಲ್ಲಿದ್ದ ಬ್ರೆಡ್ಡನ್ನು ಮೇಜಿನ ಮೇಲಿಟ್ಟಳು. ಪೆನ್ನು ತೆಗೆದುಕೊಂಡು ತನ್ನ ಹೆಸರಿನ ಮೇಲೆ ಗೀಟು ಎಳೆದಳು.

ಆಮೇಲೆ ಸರು ಅಜ್ಜಿ ಕೋಲೂರಿಕೊಂಡು ಬಂದಳು. "ನನ್ನ ಹೆಬ್ಬೆಟ್ಟಿನ ಮ್ಯಾಲೂ ಒಂದು ಎಳಿಯವ್ವ. ಹಲ್ಲಿಲ್ಲದೋಳಿಗೆ ಬ್ರೆಡ್ ಯಾಕೆ."

ಹಿಂದಿನಿಂದ ಯಾರೋ ನಕ್ಕು ತಕ್ಷಣ ನುಂಗಿಕೊಂಡರು. ಒಬ್ಬೊಬ್ಬರಾಗಿ ಬಂದರು, ಮ್ವಂಬುರಿಯ ಮುಖ ನೋಡದೆ. ಒಟ್ಟು ಹದಿಮೂರು ಗೀಟು. ಉಳಿದವರು ಬ್ರೆಡ್ಡನ್ನು ಅವುಚಿಕೊಂಡು ನೆಲ ನೋಡುತ್ತ ನಿಂತಿದ್ದರು. ಅವರನ್ನು ಯಾರೂ ಬೈಯಲಿಲ್ಲ.

ಮ್ವಂಬುರಿ ಹಾಳೆ ಕಿತ್ತುಕೊಳ್ಳಲು ಕೈ ಹಾಕಿದ. ಗುಮಾಸ್ತ ಅಂಗೈ ಊರಿ ಹಿಡಿದ.

"ಬಿಡಿ. ಪುಟಕ್ಕೆ ನಂಬರ್ ಐತೆ. ಒಂದು ಪುಟ ಕಮ್ಮಿ ಆದ್ರೆ ಕೋರ್ಟಲ್ಲಿ ನಾನು ನಿಲ್ಬೇಕು."

ಮ್ವಂಬುರಿ ಬಿಟ್ಟ. ಜೇಬಿನಿಂದ ಮೊಬೈಲು ತೆಗೆದು, ಹಾಳೆಯ ಫೋಟೋ ಹಿಡಿದುಕೊಂಡ.

ಸೋಮವಾರ ಬೆಳಿಗ್ಗೆ ಹದಿಮೂರು ಮನೆಗಳ ಬಾಗಿಲ ಮೇಲೆ ಕೆಡವುವ ಮನೆಗೆ ಹಾಕುವ ಕೆಂಪು ಬಣ್ಣದ ಇಂಟು ಗುರುತು ಇತ್ತು.