ಕರುವಿನ ಮೇಲೆ ಹೋದ ಚೆಂಡು

ಕಾಪಿ ಕುಡಿಯಿರಿ, ಆರಿಹೋಗುತ್ತದೆ. ಬೆಂಚಿನ ಮೇಲೆ ಕೂತವರು ಅರಿ, ಅರಿ ಅಂತ ಹೊಗಳಿದ್ದನ್ನು ಕೇಳಿ ಅದು ಯಾರು ಅಂದಿರಲ್ಲ. ಅವರು ಎದ್ದು ಹೋಗಲಿ ಅಂತಲೇ ಕಾಯುತ್ತಿದ್ದೆ. ಈಗ ಹೇಳುತ್ತೇನೆ.

ನಾನು ಪುಟ್ಟಲಿಂಗಮ್ಮ. ಗುಂಡ್ಲುಪೇಟೆ ಕಡೆಯವಳು. ಗಾಡಿ ಹೊಡೆಯುವ ಗಂಡನ ಹಿಂದೆ ಈ ಬೆಟ್ಟ ಹತ್ತಿದೆ. ಅವನು ಮಸಿನಗುಡಿಯಲ್ಲಿ ಚಳಿಜ್ವರಕ್ಕೆ ಹೋದ, ನಾನು ಕೆಳಗಿಳಿಯಲಿಲ್ಲ. ಕಟ್ಟಬೆಟ್ಟಿನ ಈ ಆಟದ ಬಯಲಿನ ಪಕ್ಕದಲ್ಲಿ ಕಾಪಿ ಅಂಗಡಿ ಇಟ್ಟೆ. ಬಯಲು ಅಂದರೆ ಊಟಿಯ ಕುದುರೆ ಓಡುವ ಬಯಲಲ್ಲ, ಗುಡ್ಡ ಕಡಿದು ಮಟ್ಟ ಮಾಡಿದ ಒಂದು ತುಂಡು ನೆಲ. ಆ ಕಡೆ ಟೀ ಗಿಡ, ಈ ಕಡೆ ನಾನು. ಟೀ ಗಿಡದೊಳಗೆ ಹೋದ ಚೆಂಡನ್ನು ಹುಡುಕಬೇಕು, ನನ್ನ ಕಡೆ ಬಂದ ಚೆಂಡಿಗೆ ಬೈಗುಳ ತಿನ್ನಬೇಕು. ಈ ಬೆಟ್ಟದ ಬಡಗರು ತಮ್ಮ ಊರಿಗೆ ಹಟ್ಟಿ ಅನ್ನುತ್ತಾರೆ. ಹಟ್ಟಿಯವರು ನನ್ನನ್ನು ಪುಟ್ಟಕ್ಕ ಅನ್ನುತ್ತಾರೆ, ಹಬ್ಬಕ್ಕೆ ಕರೆದು ಉಣ್ಣಿಸುತ್ತಾರೆ. ಮದುವೆಗೆ, ಸಾವಿಗೆ ಮಾತ್ರ ನನ್ನ ಜಾಗ ಬೇಲಿಯ ಪಕ್ಕ. ಅದು ತಪ್ಪು ಅಂತ ನಾನು ಅಂದವಳಲ್ಲ. ಹೊರಗಿನವಳು ಹೊರಗಿನವಳೇ.

ಬೆಂಚಿನವರು ಹೇಳಿದ್ದೆಲ್ಲ ನಿಜ. ಅರಿ ಬರಿಗಾಲಲ್ಲಿ ಆಡುತ್ತಿದ್ದ. ಚೆಂಡು ಅವನ ಹೆಬ್ಬೆಟ್ಟಿಗೆ ಅಂಟಿಕೊಂಡೇ ಹುಟ್ಟಿದೆಯೇನೋ ಅನ್ನಿಸುತ್ತಿತ್ತು. ಪಕ್ಕದ ಹಟ್ಟಿ ತುಮ್ಮನಟ್ಟಿಯವರ ಮೇಲೆ ನಡುಬಯಲಿಂದ ಒದ್ದು ಗೋಲು ಹಾಕಿದ್ದು ನಿಜ, ಉಗುರು ಕಿತ್ತು ರಕ್ತ ಸುರಿಯುವಾಗ ಕಾಲಿಗೆ ನನ್ನ ಸೀರೆಯ ಸೆರಗಿನ ತುಂಡು ಕಟ್ಟಿಕೊಂಡು ಆಡಿದ್ದೂ ನಿಜ. ಆ ಸೆರಗು ಯಾರದು ಅಂತ ಅವರು ಹೇಳಲಿಲ್ಲ, ನೋಡಿ! ಇರಲಿ. ಸುಳ್ಳು ಹೇಳುವುದಿಲ್ಲ ಅವರು, ಅರ್ಧ ಹೇಳುತ್ತಾರೆ ಅಷ್ಟೇ.

ಉಳಿದರ್ಧ ಇದು. ಊಟಿಯಲ್ಲಿ ಕಪ್ಪಿಗಾಗಿ ಕೊನೆಯ ಆಟ. ಎದುರಿಗೆ ಟೀ ತೋಟದ ದೊರೆಗಳ ತಂಡ. ಹಟ್ಟಿಗೆ ಹಟ್ಟಿಯೇ ನಡೆದು ಹೋಗಿತ್ತು. ನಾನೂ ಒಲೆ ಆರಿಸಿ ಹೋದೆ. ಎರಡೂ ಕಡೆ ಸಮ ಇದ್ದಾಗ ಒಬ್ಬ ದೊರೆಯ ಕೈಗೆ ಚೆಂಡು ತಗುಲಿತು, ರೆಫರಿ ಸೀಟಿ ಊದಿ ನಮಗೆ ಪೆನಾಲ್ಟಿ ಕೊಟ್ಟ. ನಮ್ಮ ಕ್ಯಾಪ್ಟನ್ ಮಹಾಲಿಂಗಂ ಚೆಂಡನ್ನು ಅರಿಯ ಕೈಗೇ ಕೊಟ್ಟ. ಗೋಲಿನಲ್ಲಿ ನಿಂತಿದ್ದವನು ಅರಿ ಟೀ ಎಲೆ ತೂಗುವ ಕೆಲಸಕ್ಕಿದ್ದ ತೋಟದ ಚಿಕ್ಕ ದೊರೆ. ಅರಿ ಓಡಿ ಬಂದ, ಒದ್ದ. ಚೆಂಡು ಕಂಬದ ಮೇಲೆ ಹಾದು ನೀಲಗಿರಿ ಮರಗಳ ಕಡೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ದೊರೆಗಳು ಒಂದು ಹಾಕಿದರು, ಕಪ್ಪು ಅವರ ಪಾಲಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಮರೆಯುತ್ತಿದ್ದರೋ ಏನೋ. ಆ ಹಾಳು ಚಿಕ್ಕ ದೊರೆ ಮುಂದಿನ ತಿಂಗಳು ಅರಿಯನ್ನು ಆಳುಗಳ ಮೇಲೆ ಮೇಸ್ತ್ರಿ ಮಾಡಿದ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ದೊರೆಯ ಮುಖ ನೋಡಿ ಬೇಕಂತಲೇ ಮೇಲೆ ಒದ್ದ ಅಂತ ಹಟ್ಟಿಯಲ್ಲಿ ಹಬ್ಬಿತು. ಅರಿ ಆ ಕೆಲಸ ಬಿಟ್ಟು ಬಂದು ಆಲೂಗಡ್ಡೆ ಹೊಲಕ್ಕಿಳಿದ. ಆದರೂ ಮಾತು ಇಳಿಯಲಿಲ್ಲ.

ನಮ್ಮ ಕಡೆಯಾಗಿದ್ದರೆ ಬೈಯುತ್ತಿದ್ದರು, ಕೊರಳಪಟ್ಟಿ ಹಿಡಿಯುತ್ತಿದ್ದರು, ಆಮೇಲೆ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಇಲ್ಲಿಯವರು ಬೈಯಲಿಲ್ಲ. ಅರಿ ಬಂದರೆ ಮಾತು ನಿಲ್ಲಿಸುತ್ತಿದ್ದರು, ಅವನು ಹೋದ ಮೇಲೆ ಮುಂದುವರಿಸುತ್ತಿದ್ದರು. ಮಹಾಲಿಂಗಂ ಇದೇ ಬೆಂಚಿನ ಮೇಲೆ ಕಾಲು ಚಾಚಿ ಅವನಿಗೆ ಜಾಗ ಇಲ್ಲದ ಹಾಗೆ ಮಾಡುತ್ತಿದ್ದ. ತುಮ್ಮನಟ್ಟಿಯಿಂದ ಬರಬೇಕಿದ್ದ ಹೆಣ್ಣು ಬರಲಿಲ್ಲ. ಅವನ ತಾಯಿ ತೀರಿಹೋದಳು. ಅರಿ ಒಬ್ಬನೇ ಉಳಿದ.

ಎಲ್ಲರೂ ಮನೆಗೆ ಹೋದ ಮೇಲೆ, ಹೊತ್ತು ಇಳಿಯುವಾಗ, ಅವನು ಬಂದು ಅಂಗಡಿಯ ಹಿಂದಿನ ಆ ಕಲ್ಲಿನ ಮೇಲೆ ಕೂರುತ್ತಿದ್ದ. ಕಾಪಿ ಕೊಡುತ್ತಿದ್ದೆ. ವರ್ಷಗಟ್ಟಲೆ ನಮ್ಮಿಬ್ಬರದು ಒಂದೇ ಮಾತು.

"ಪುಟ್ಟಕ್ಕ, ಆ ದಿನ ನೆಲ ಒದ್ದೆ ಇತ್ತಾ?"

"ಒದ್ದೆ ಇತ್ತು ಕನಪ್ಪ."

"ನಾ ದೊರೆ ಮುಖ ನೋಡಿದೆನಾ?"

"ಇಲ್ಲ. ನೀನು ಚೆಂಡನ್ನೇ ನೋಡ್ತಿದ್ದೆ. ನಿನ್ನ ಎಡಗಾಲು ಜಾರ್ತು, ನಾನು ಕಂಡೆ."

"ಎಂಗಳ ಹಟ್ಟಿಲಿ ಯಾರೂ ಕಾಣಲಿಲ್ಲೆ."

ಆಮೇಲೆ ಎದ್ದು, ಲೋಟ ಕೆಳಗಿಟ್ಟು, ಇಲ್ಲದ ಚೆಂಡನ್ನು ಒದ್ದು ತೋರಿಸುತ್ತಿದ್ದ. ನಾನು ಹಣೆಗೆ ಕೈ ಹಚ್ಚಿ ದೂರ ನೋಡಿ, "ಅಯ್ಯೋ, ಇದೂ ಮೇಲೇ ಹೋಯ್ತು, ಬುಡು!" ಅನ್ನುತ್ತಿದ್ದೆ. ಆಗ ನಗುತ್ತಿದ್ದ. ಅವನು ನಕ್ಕದ್ದನ್ನು ಕಂಡವಳು ಈ ಬೆಟ್ಟದಲ್ಲಿ ನಾನೊಬ್ಬಳೇ. ನನಗೂ ಆ ಹೊತ್ತಿಗಾಗಿಯೇ ದಿನ ಸಾಗುತ್ತಿತ್ತು. ಗಂಡ ಸತ್ತ ಮೇಲೆ ನನ್ನನ್ನು ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾದು ಕೂತವನು ಅವನೊಬ್ಬನೇ.

ಈ ಹಿಮ ಬೀಳುವ ತಿಂಗಳಲ್ಲಿ ಅವನ ಎದೆಗೆ ಶೀತ ಇಳಿಯಿತು. ನಾನು ಮೆಣಸಿನ ಕಷಾಯ ತೆಗೆದುಕೊಂಡು ಹೋದರೆ ಗೋಡೆ ಕಡೆ ತಿರುಗಿ ಮಲಗಿದ್ದ. ನನ್ನ ಕೈ ಹಿಡಿದುಕೊಂಡ.

"ಪುಟ್ಟಕ್ಕ, ನಾ ಒದ್ದದ್ದ ಕರು ಮೇಲ ಹಾಕ ಹೇಳು. ಹಿರಿಯಣ್ಣಂಗ ಹೇಳು."

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಬಡಗರಲ್ಲಿ ಹೆಣ ಎತ್ತುವ ಮುಂಚೆ ಒಂದು ಕರು ತರುತ್ತಾರೆ. ಹಟ್ಟಿಯ ಹಿರೀಕ ಪಾಪಗಳನ್ನು ಒಂದೊಂದಾಗಿ ಕೂಗಿ ಹೇಳುತ್ತಾನೆ, ಸೇರಿದವರೆಲ್ಲ ಒಂದೊಂದಕ್ಕೂ "ಪಾಪ!" ಅನ್ನುತ್ತಾರೆ. ಹೇಳಿದ್ದೆಲ್ಲ ಕರುವಿನ ಮೇಲೆ ಹೋಗುತ್ತದೆ, ಕರುವನ್ನು ಬಿಟ್ಟುಬಿಡುತ್ತಾರೆ, ಸತ್ತವನು ಹಗುರಾಗಿ ಹೋಗುತ್ತಾನೆ. ಹೇಳುವ ಪಾಪಗಳು ಎಲ್ಲರಿಗೂ ಒಂದೇ. ಸತ್ತವನು ಮಾಡಿರಲಿ, ಬಿಟ್ಟಿರಲಿ, ಅಜ್ಜಂದಿರು ಹೇಳಿದ ಅದೇ ಸಾಲು. ಅರಿಗೆ ಆ ಸಾಲಿನಲ್ಲಿ ತನ್ನದೂ ಒಂದು ಬೇಕಾಗಿತ್ತು. ಬದುಕಿರುವಾಗ ಯಾರೂ ಬಾಯಿಬಿಟ್ಟು ಹೇಳದೇ ಇದ್ದದ್ದನ್ನು ಸತ್ತ ಮೇಲಾದರೂ ಎಲ್ಲರೂ ಒಟ್ಟಿಗೆ ಹೇಳಿ ಮುಗಿಸಲಿ ಅಂತ.

ಹಿರೀಕನ ಹೆಸರೂ ಹಿರಿಯ. ಅವನು ಮನೆ ಮುಂದೆ ಬಿಸಿಲು ಕಾಯಿಸಿಕೊಳ್ಳುತ್ತಾ ಬಿತ್ತನೆ ಆಲೂಗಡ್ಡೆ ಆರಿಸುತ್ತಿದ್ದ. ಕಾಲು ಜಾರಿದ್ದನ್ನೂ ಸೇರಿಸಿ ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಅಲ್ಲಾಡಿಸಿದ.

"ಆಗದಕ್ಕ. ಅದು ಎಂಗಳ ಅಜ್ಜ ಮುತ್ತಜ್ಜ ಹೇಳಿದ ಮಾತು. ಅದರೊಳಗ ಫುಟ್‌ಬಾಲ್ ಇಲ್ಲೆ."

"ಅವರು ಫುಟ್‌ಬಾಲ್ ನೋಡಿದ್ರೆ ಸೇರಿಸ್ತಿದ್ರು ಹಿರಿಯಣ್ಣ. ನೀನು ಸೇರಿಸು. ನಿನ್ನ ಗಂಟೇನೂ ಹೋಗದಿಲ್ಲ."

ಅವನು ಕೋಪ ಮಾಡಿಕೊಳ್ಳಲಿಲ್ಲ. "ಯಾರ ಪಾಪ ಯಾವುದು ಅಂತ ಗೊತ್ತಾಗಬಾರದು ಅಂತಲೇ ಎಲ್ಲರಿಗೂ ಒಂದೇ ಸಾಲು ಇಟ್ಟಿದಾರ. ಒಬ್ಬಂದು ಬೇರೆ ಮಾಡಿ ಹೇಳಿದರ ಅವಂಗ ಮಾನ ಎಲ್ಲಿ?" ಅಂದ.

ಮಾತಿನಲ್ಲಿ ನ್ಯಾಯ ಇತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. "ಮಾನ ಉಳಿಸೋರು ಬೆಂಚಲ್ಲಿ ಜಾಗ ಕೊಡಬೇಕಾಗಿತ್ತು" ಅಂದು ಎದ್ದು ಬಂದೆ. ಆಗದು ಅಂದ ಅಂತ ಅರಿಗೆ ಹೇಳಲು ಬಾಯಿ ಬರಲಿಲ್ಲ. "ಹೇಳ್ತಾನಂತೆ ಕನಪ್ಪ, ಮಲಕ್ಕೊ" ಅಂದೆ. ಮರುದಿನ ಅವನು ಹೋದ.

ಸಾವಿಗೆ ಎಷ್ಟು ಜನ ಬಂದರು ಅನ್ನುತ್ತೀರಿ! ಸುತ್ತಲ ಹಟ್ಟಿಗಳಿಂದ, ತುಮ್ಮನಟ್ಟಿಯಿಂದ, ದೇವಾಲದ ತೋಟದ ಕೂಲಿ ಲೈನುಗಳಿಂದಲೂ ಬಂದರು, ಅವನ ಆಟ ನೋಡಿದವರು. ಅವನ ಗೋಲುಗಳನ್ನು ನೆನೆದು ಕಣ್ಣೊರೆಸಿಕೊಂಡರು. ಮಹಾಲಿಂಗಂ ಅಂತೂ ಮಂಚದ ಕಾಲು ಹಿಡಿದು ಗೊಳೋ ಅಂತ ಅತ್ತ. ಇದ್ದಾಗ ಒಂದು ಲೋಟ ಕಾಪಿ ಕುಡಿಸದವನು ಸತ್ತಾಗ ಕೊಡಗಟ್ಟಲೆ ಕಣ್ಣೀರು ಸುರಿಸಿದ.

ನಾನು ಬೇಲಿಯ ಪಕ್ಕ ನಿಂತಿದ್ದೆ. ಸಾವಿಗೆ ಬಂದು ನುಡಿಸುವ ಕೋತ ಜನರ ವಾದ್ಯ ನಿಂತಿತು. ಕರು ಬಂತು. ಹಿರಿಯ ಅದರ ಬೆನ್ನಿನ ಮೇಲೆ ಕೈ ಇಟ್ಟು ಶುರು ಮಾಡಿದ.

"ಗಡಿಯ ಕಲ್ಲು ಸರಿಸಿದ್ದು!"

"ಪಾಪ!" ಅಂದರು ಎಲ್ಲರೂ.

"ಮೇಯುವ ಎಮ್ಮೆಗೆ ಕಲ್ಲು ಬೀಸಿದ್ದು!"

"ಪಾಪ!"

"ದಾರಿ ಕೇಳಿದವಂಗ ತಪ್ಪು ದಾರಿ ತೋರಿದ್ದು!"

"ಪಾಪ!"

ಅರಿ ಯಾವ ಕಲ್ಲನ್ನೂ ಸರಿಸಿದವನಲ್ಲ, ಎಮ್ಮೆ ಕಂಡರೆ ದಾರಿ ಬಿಡುತ್ತಿದ್ದವನು. ಮಾಡದ ಪಾಪವೆಲ್ಲ ಕರುವಿನ ಮೇಲೆ ಹೋಗುತ್ತಿತ್ತು, ಅವನು ಹೊತ್ತದ್ದು ಅವನ ಎದೆಯ ಮೇಲೇ ಉಳಿಯುತ್ತಿತ್ತು. ಸಾಲು ಮುಗಿಯುತ್ತಾ ಬಂತು. ಹೇಳ್ತಾನಂತೆ ಅಂತ ನಾನು ಅವನಿಗೆ ಸುಳ್ಳು ಭರವಸೆ ಕೊಟ್ಟಿದ್ದೆ. ಹಿರಿಯ ಉಸಿರು ತೆಗೆದುಕೊಳ್ಳಲು ನಿಂತ. ನಾನು ಬೇಲಿ ಹಿಡಿದು, ಅವನದೇ ರಾಗದಲ್ಲಿ ಕೂಗಿಬಿಟ್ಟೆ.

"ಗೆಲ್ಲೋ ಆಟದಲ್ಲಿ ಚೆಂಡ ಕಂಬದ ಮೇಲೆ ಒದ್ದದ್ದು!"

"ಪಾಪ!" ಅಂದರು ಎಲ್ಲರೂ.

ಬಾಯಿಗೆ ಬಿದ್ದ ಅಭ್ಯಾಸ, ಸ್ವಾಮಿ. ಯಾರು ಕೂಗಿದರು, ಏನು ಕೂಗಿದರು ಅಂತ ಯೋಚಿಸುವ ಮುಂಚೆಯೇ ಬಂದುಬಿಟ್ಟಿತು. ಮಹಾಲಿಂಗಂನ ದನಿ ಎಲ್ಲರಿಗಿಂತ ಗಟ್ಟಿ ಇತ್ತು. ಆಮೇಲೆ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು. ಈ ಹಟ್ಟಿಯಲ್ಲಿ ನನ್ನ ಅನ್ನದ ಋಣ ತೀರಿತು ಅಂದುಕೊಂಡೆ. ಹೆಂಗಸು, ಅದೂ ಹೊರಗಿನವಳು, ಹಿರೀಕನ ಬಾಯಿಯ ಮಾತಿಗೆ ಕೈ ಹಾಕಿದ್ದೆ.

ಹಿರಿಯ ನನ್ನನ್ನು ನೋಡಿದ, ಮಂಚದ ಮೇಲಿದ್ದವನನ್ನು ನೋಡಿದ. ಕರುವಿನ ಬೆನ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ತಾನೇ ಮತ್ತೆ ಕೂಗಿದ, ಮೆತ್ತಗೆ. "ಕಾಲು ಜಾರಿ, ಚೆಂಡ ಕಂಬದ ಮೇಲೆ ಒದ್ದದ್ದು."

ಈ ಸಲ ಗೊತ್ತಿದ್ದೇ ಅಂದರು. "ಪಾಪ."

ಕರುವನ್ನು ಬಿಟ್ಟರು. ಅದು ಆಟದ ಬಯಲಿನ ನಡುವೆಯೇ ಓಡಿ ಟೀ ಗಿಡಗಳೊಳಗೆ ಇಳಿಯಿತು. ನಾನು ಅಲ್ಲೇ ಬೇಲಿಗೆ ಒರಗಿ ಅತ್ತೆ. ನಿನ್ನ ಮಾತು ಉಳಿಸಿದೆ ಕನಪ್ಪ ಅರಿ, ಅಂದುಕೊಂಡೆ. ಆವತ್ತು ನನಗೆ ಎಷ್ಟು ಸಂತೋಷವಾಗಿತ್ತು ಅಂದರೆ, ಹೇಳಬಾರದು.

ಮುಂದಿನ ಭಾನುವಾರ ಅಂಗಡಿ ತುಂಬಿತು. ಇನ್ನು ಆ ಮಾತು ಬಿಚ್ಚುತ್ತಾರೆ, ಕಾಲು ಜಾರಿದ್ದು ಹೌದೋ ಅಲ್ಲವೋ ಅಂತ ಜಗಳ ಆಡುತ್ತಾರೆ, ನಾನು ನಡುವೆ ನಿಂತು ಕಂಡದ್ದು ಹೇಳುತ್ತೇನೆ ಅಂತ ಕಾದಿದ್ದೆ. ಅವರು ಅರಿಯ ಮಾತೇ ಆಡಿದರು. ತುಮ್ಮನಟ್ಟಿಯ ಗೋಲು, ಕಿತ್ತ ಉಗುರು, ಎಲ್ಲಾ. ದೇವಾಲದಿಂದ ಬಂದ ಒಬ್ಬ, "ಹಾಗಾದರೆ ಆ ವರ್ಷ ಕಪ್ಪು ಯಾಕೆ ಬರಲಿಲ್ಲ?" ಅಂತ ಕೇಳಿದ. ಮಹಾಲಿಂಗಂ ಆಕಾಶ ನೋಡಿ, "ಆ ವರ್ಷ ಮಳೆ ಜಾಸ್ತಿ" ಅಂದ.

ನಾನು ತಡೆಯಲಾರದೆ, "ಯಾಕಂದ್ರೆ ನಮ್ಮ ಅರಿ..." ಅಂತ ಶುರು ಮಾಡಿದೆ. ಮಹಾಲಿಂಗಂ ಎದ್ದು ನಿಂತು ಕೈ ಮುಗಿದ.

"ಬೇಡ ಪುಟ್ಟಕ್ಕ. ಕರು ಮೇಲ ಹೋದದ್ದ ಮತ್ತೆ ಬಾಯಲ್ಲಿ ಎತ್ತಬಾರದು. ಎತ್ತಿದರ ಅವಂಗ ತಿರುಗಿ ಹತ್ತುತ್ತು."

ಅರಿಗೆ ತಿರುಗಿ ಹತ್ತುತ್ತದೆ ಅಂದ ಮೇಲೆ ನಾನು ಹೇಗೆ ಎತ್ತಲಿ?

ಅವತ್ತು ಎಲ್ಲರೂ ಹೋದ ಮೇಲೆ ಅಂಗಡಿಯ ಹಿಂದಕ್ಕೆ ಹೋಗಿ ಆ ಕಲ್ಲಿನ ಮೇಲೆ ಕೂತೆ. ಆಗ ಹೊಳೆಯಿತು ನಾನು ಏನು ಕೂಗಿದೆ ಅಂತ. ಅವರಿಗೆ ಗೋಲುಗಳಿವೆ, ಹೇಳಿಕೊಳ್ಳುತ್ತಾರೆ. ನನಗೂ ಅವನಿಗೂ ಇದ್ದದ್ದು ಅದೊಂದೇ ಮಾತು. ಅದನ್ನು ನನ್ನ ಬಾಯಿಂದಲೇ ಕರುವಿನ ಮೇಲೆ ಹಾಕಿ ಕಳಿಸಿಬಿಟ್ಟೆ. ಅವನು ಹಗುರಾಗಿ ಹೋದ, ಆಗಲಿ, ಅದೇ ಬೇಕಾಗಿತ್ತು. ನಾನು ಮಾತ್ರ ಹೊತ್ತು ಇಳಿಯುವಾಗ ಸುಮ್ಮನೆ ಲೋಟ ತೊಳೆಯುತ್ತೇನೆ.

ಇವತ್ತು ನಿಮಗೆ ಹೇಳಿದೆ. ನೀವು ಈ ಹಟ್ಟಿಯವರಲ್ಲ, ನಾನೂ ಅಲ್ಲ. ನಾವಿಬ್ಬರೂ ಆಡಿದರೆ ಅವನಿಗೆ ಹತ್ತಲಿಕ್ಕಿಲ್ಲ ಅಂತ ಧೈರ್ಯ ಮಾಡಿದ್ದೇನೆ.

ಕಾಸು ಬೇಡ, ಒಳಗಿಡಿ. ಹೋಗುವ ಮುಂಚೆ ಒಂದು ಉಪಕಾರ ಮಾಡಿ, ಸ್ವಾಮಿ. "ಪುಟ್ಟಕ್ಕ, ಆ ದಿನ ನೆಲ ಒದ್ದೆ ಇತ್ತಾ?" ಅಂತ ಒಂದು ಸಲ ನನ್ನನ್ನು ಕೇಳಿ.